ವಿದ್ಯಾರ್ಥಿ ಚಿತ್ರಕ್ಕೆ ಪೋಸ್ಟರ್, ಪತ್ರಿಕೆಗೆ ಎರಡು ಪುಟ: ಕನ್ನಡ ಅಕ್ಷರದಿಂದ ಹೊರಡುವ ಸಮಗ್ರ ಮಾರ್ಗದರ್ಶಿ

ಫೆಬ್ರುವರಿ, ಮಾರ್ಚ್ ಬಂತೆಂದರೆ ಪತ್ರಿಕೋದ್ಯಮ ವಿಭಾಗದ ಹುಡುಗ ಹುಡುಗಿಯರು ಪೆನ್‌ಡ್ರೈವ್ ಹಿಡಿದು ನನ್ನ ಡಿಟಿಪಿ ಮೇಜಿನ ಮುಂದೆ ನಿಲ್ಲುತ್ತಾರೆ. ತಿಂಗಳುಗಟ್ಟಲೆ ಬೆವರು ಸುರಿಸಿ ಮಾಡಿದ ಕಿರುಚಿತ್ರ. ನಾಳಿದ್ದು ಪ್ರದರ್ಶನ, ಪೋಸ್ಟರ್ ಇವತ್ತು ಸಂಜೆಯೊಳಗೆ ಬೇಕು. ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಎರಡು ಪುಟ ಸಿಕ್ಕಿದೆ, ಅದನ್ನೂ ಮಾಡಿಕೊಡಿ ಎನ್ನುತ್ತಾರೆ. ಪೆನ್‌ಡ್ರೈವ್ ತೆರೆದರೆ ವಿಡಿಯೊ ನಿಲ್ಲಿಸಿ ತೆಗೆದ ನಾಲ್ಕು ಮಸುಕು ಚಿತ್ರಗಳು, ಜೊತೆಗೆ ಅಂತರ್ಜಾಲದಿಂದ ಇಳಿಸಿಕೊಂಡ ಒಂದು ಇಂಗ್ಲಿಷ್ ಟೆಂಪ್ಲೇಟು. ಅದರಲ್ಲಿನ ಇಂಗ್ಲಿಷ್ ಹೆಸರು ಅಳಿಸಿ ಕನ್ನಡದ ಹೆಸರು ಕೂರಿಸಿದರೆ ಪೋಸ್ಟರ್ ಸಿದ್ಧ ಎಂದು ಅವರು ನಂಬಿರುತ್ತಾರೆ.

ಅದು ಆಗದ ಮಾತು. ಕನ್ನಡದ ಅಕ್ಷರ ತಲೆಯ ಮೇಲೆ ಗುಣಿತ, ಕಾಲಡಿಗೆ ಒತ್ತು ಹೊತ್ತು ನಿಲ್ಲುತ್ತದೆ. ಇಂಗ್ಲಿಷಿನ ದೊಡ್ಡಕ್ಷರಗಳಿಗೆಂದು ಅಳೆದ ಪಟ್ಟಿಯೊಳಗೆ ಅದನ್ನು ತುರುಕಿದರೆ ಮೇಲೆ ಕೆಳಗೆ ಉಸಿರು ಕಟ್ಟುತ್ತದೆ. ಹೆಸರಿನ ಅಕ್ಷರಗಳನ್ನು ಮೊದಲು ಬರೆದು, ಉಳಿದದ್ದನ್ನೆಲ್ಲ ಅದರ ಸುತ್ತ ಕಟ್ಟಬೇಕು. ನನ್ನ ಕೆಲಸದ ಕ್ರಮವೇ ಅದು, ಇಲ್ಲಿ ಹೇಳುವುದೂ ಅದನ್ನೇ.

ಹಿಡಿತಕ್ಕೆ ಸಿಗಲೆಂದು ಒಂದು ಚಿತ್ರವನ್ನು ಕಲ್ಪಿಸಿಕೊಳ್ಳೋಣ. ಹೆಸರು ‘ಹಿಟ್ಟು’, ಅವಧಿ 16 ನಿಮಿಷ. ಗದಗ ಸೀಮೆಯ ಒಂದು ಊರಿನ ಹಿಟ್ಟಿನ ಗಿರಣಿ ಇವತ್ತು ಸಂಜೆಗೆ ಶಾಶ್ವತವಾಗಿ ಮುಚ್ಚುತ್ತದೆ. ಬೀಸಿಟ್ಟ ಡಬ್ಬಿಗಳನ್ನೆಲ್ಲ ಅವರವರು ಒಯ್ದಿದ್ದಾರೆ. ಒಂದು ಡಬ್ಬಿ ಮಾತ್ರ ಉಳಿದಿದೆ, ಅದರ ವಾರಸುದಾರರು ಬಂದಿಲ್ಲ.

ಹೆಜ್ಜೆ 1: ಒಂದು ವಾಕ್ಯ ಬರೆಯಿರಿ

ಕಥೆಯ ಸಾರಾಂಶ ಬೇಡ. ಪೋಸ್ಟರ್ ನೋಡಿದವರ ಮನಸ್ಸಿನಲ್ಲಿ ಏಳಬೇಕಾದ ಪ್ರಶ್ನೆಯನ್ನು ಬರೆಯಿರಿ. ನಮ್ಮ ಚಿತ್ರಕ್ಕೆ ಅದು: ‘ಈ ಡಬ್ಬಿ ಯಾರದು?’ ‘ಆಧುನಿಕತೆಯ ಹೊಡೆತಕ್ಕೆ ಸಿಕ್ಕ ಗ್ರಾಮೀಣ ಬದುಕು’ ಎಂಬಂಥ ಮಾತನ್ನು ಪ್ರಬಂಧಕ್ಕೆ ಇಟ್ಟುಕೊಳ್ಳಿ, ಕಣ್ಣಿಗೆ ಕಾಣುವಂಥದ್ದು ಅದರಲ್ಲಿ ಏನೂ ಇಲ್ಲ. ಡಬ್ಬಿ ಕಾಣುತ್ತದೆ.

ಪೋಸ್ಟರ್ ಈ ಪ್ರಶ್ನೆಯನ್ನು ಎತ್ತುತ್ತದೆ, ಎರಡು ಪುಟದ ಲೇಖನ ಓದುಗರನ್ನು ಗಿರಣಿಯೊಳಗೆ ಕರೆದುಕೊಂಡು ಹೋಗುತ್ತದೆ. ಪೋಸ್ಟರ್ ನೋಡುವವರು ಕಾರಿಡಾರಿನಲ್ಲಿ ನಡೆದು ಹೋಗುತ್ತಿರುತ್ತಾರೆ, ಕೊಡುವುದು ಎರಡು ಮೂರು ಸೆಕೆಂಡು. ಪತ್ರಿಕೆ ಹಿಡಿದವರು ಕೂತಿರುತ್ತಾರೆ. ಪೋಸ್ಟರನ್ನೇ ಕುಗ್ಗಿಸಿ ಪತ್ರಿಕೆಯ ಬಲಪುಟದಲ್ಲಿ ಹಾಕಿ, ಎಡಪುಟದಲ್ಲಿ ಅಕ್ಷರ ತುಂಬುವವರು ಈ ವ್ಯತ್ಯಾಸವನ್ನು ಮರೆತಿರುತ್ತಾರೆ.

ಹೆಜ್ಜೆ 2: ಚಿತ್ರೀಕರಣದ ದಿನವೇ ಸ್ಥಿರಚಿತ್ರ ತೆಗೆಯಿರಿ

ಸ್ವಲ್ಪ ಲೆಕ್ಕ ಹಾಕೋಣ. ನಿಮ್ಮ ವಿಡಿಯೊ 1920×1080 ಪಿಕ್ಸೆಲಿನದು. ಅದು ಅಡ್ಡ, ಪೋಸ್ಟರ್ ಉದ್ದ. ಅಡ್ಡ ಚೌಕಟ್ಟಿನಿಂದ ಪೋಸ್ಟರಿನ ಎ3 (ಎ4ರ ಎರಡರಷ್ಟು) ಅಳತೆಗೆ ಉದ್ದನೆಯ ತುಂಡು ಕತ್ತರಿಸಿದರೆ ಸಿಗುವುದು ಸುಮಾರು 764×1080 ಪಿಕ್ಸೆಲ್. ಎ3 ಹಾಳೆಗೆ ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ 3508×4961 ಪಿಕ್ಸೆಲ್ ಬೇಕು. ಅಂದರೆ ನಿಮ್ಮ ಚಿತ್ರ ಇಂಚಿಗೆ 65 ಚುಕ್ಕಿಗೆ ಇಳಿಯುತ್ತದೆ. ಅದರ ಮೇಲೆ, ಸೆಕೆಂಡಿಗೆ 25 ಚೌಕಟ್ಟಿನಲ್ಲಿ ಚಿತ್ರೀಕರಿಸುವಾಗ ಕ್ಯಾಮೆರಾದ ಶಟರ್ ಸಾಮಾನ್ಯವಾಗಿ ಸೆಕೆಂಡಿನ 1/50 ಭಾಗದಷ್ಟು ಹೊತ್ತು ತೆರೆದಿರುತ್ತದೆ. ಪರದೆಯ ಮೇಲೆ ಚಲನೆ ಸಹಜವಾಗಿ ಕಾಣುತ್ತದೆ, ನಿಲ್ಲಿಸಿದರೆ ನಟರ ಕೈ ಕದಡಿ ಮಸುಕಾಗಿರುತ್ತದೆ.

ಹಾಗಾಗಿ ತಂಡದಲ್ಲಿ ಒಬ್ಬರಿಗೆ ಸ್ಥಿರಚಿತ್ರದ ಕೆಲಸವನ್ನೇ ಒಪ್ಪಿಸಿ. ಪ್ರತಿ ದೃಶ್ಯ ಮುಗಿದ ಮೇಲೆ ನಟರು ಕದಲುವ ಮೊದಲು ಐದು ನಿಮಿಷ ಸ್ಥಿರಚಿತ್ರ ತೆಗೆಯುವವರಿಗೆ ಸಿಗಲಿ. ದೀಪಗಳು ಹೇಗಿದ್ದವೋ ಹಾಗೇ ಇರಬೇಕು. ಮೊಬೈಲಿನಲ್ಲಿ ತೆಗೆದರೂ ಸರಿಯೇ, ಆದರೆ ಪೂರ್ಣ ಗಾತ್ರದಲ್ಲಿ ತೆಗೆಯಿರಿ. ಕಳಿಸುವಾಗ ವಾಟ್ಸ್‌ಆ್ಯಪ್‌ನಲ್ಲಿ ಫೋಟೊವಾಗಿ ಕಳಿಸಬೇಡಿ, ಅದು ಚಿತ್ರವನ್ನು ಹಿಂಡಿಬಿಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ.

ಏನೇನು ತೆಗೆಯಬೇಕು? ಮುಖಗಳನ್ನು ಎಲ್ಲರೂ ತೆಗೆಯುತ್ತಾರೆ. ನನಗೆ ಬೇಕಾಗುವುದು ವಸ್ತುಗಳು, ಕೈಗಳು, ಖಾಲಿ ಜಾಗಗಳು: ಡಬ್ಬಿಯ ಮೇಲೆ ಪೇಂಟಿನಲ್ಲಿ ಬರೆದ ಹೆಸರು, ಗಿರಣಿಯವನ ಹುಬ್ಬಿನ ಮೇಲೆ ಕೂತ ಹಿಟ್ಟು, ಬೆಲ್ಟ್ ನಿಂತ ಮೇಲಿನ ಗಾಲಿ, ಬಾಗಿಲಿನಿಂದ ಬಿದ್ದ ಬೆಳಕಿನಲ್ಲಿ ತೇಲುವ ದೂಳು. ಒಂದೊಂದನ್ನೂ ಎರಡು ಸಲ ತೆಗೆಯಿರಿ: ಒಮ್ಮೆ ಉದ್ದುದ್ದ, ಒಮ್ಮೆ ಅಡ್ಡ. ಪ್ರತಿ ಚಿತ್ರದಲ್ಲೂ ಒಂದು ಬದಿಗೆ ಏನೂ ಇಲ್ಲದ ಜಾಗ ಬಿಡಿ. ನಾಳೆ ಅಲ್ಲಿ ಅಕ್ಷರ ಕೂರಬೇಕು.

ಹೆಜ್ಜೆ 3: ಕಾಗದದ ಮೇಲೆ ಇಪ್ಪತ್ತು ಚಿಕ್ಕ ಚೌಕಗಳು

ಕಂಪ್ಯೂಟರ್ ತೆರೆಯಬೇಡಿ. ಬಿಳಿ ಹಾಳೆಯ ಮೇಲೆ ಬೆಂಕಿಪೊಟ್ಟಣದಷ್ಟು ಚೌಕಗಳನ್ನು ಎಳೆದು ಒಂದೊಂದರಲ್ಲೂ ಒಂದೊಂದು ಜೋಡಣೆಯನ್ನು ಗೀಚಿ. ಮೊದಲ ಐದಾರು ನೀವು ಎಲ್ಲೋ ನೋಡಿದವೇ ಆಗಿರುತ್ತವೆ: ಮೇಲೆ ನಾಯಕನ ಮುಖ, ಕೆಳಗೆ ಊರು, ನಡುವೆ ಹೆಸರು. ಅವು ಖಾಲಿಯಾದ ಮೇಲೆ ನಿಮ್ಮವು ಬರತೊಡಗುತ್ತವೆ. ‘ಹಿಟ್ಟು’ ಚಿತ್ರಕ್ಕೆ ನಾನು ಉಳಿಸಿಕೊಳ್ಳುವುದು ಇದನ್ನು: ಹಾಳೆಯ ಮುಕ್ಕಾಲು ಭಾಗ ಕತ್ತಲೆ, ಕೆಳಗೆ ಬಲಕ್ಕೆ ಒಂದೇ ಡಬ್ಬಿ, ಅದರ ಮೇಲೆ ಬೆಳಕು, ಎಡಕ್ಕೆ ನೆಲದ ಮೇಲೆ ದುಂಡನೆಯ ಗುರುತುಗಳ ಸಾಲು. ಹಿಟ್ಟು ಬಿದ್ದ ನೆಲದಿಂದ ಬೇರೆ ಡಬ್ಬಿಗಳನ್ನು ಎತ್ತಿಕೊಂಡು ಹೋದಾಗ ಉಳಿದ ಗುರುತುಗಳು ಅವು. ಮುಖವೇ ಇಲ್ಲ, ಆದರೂ ಪ್ರಶ್ನೆ ಎದ್ದು ನಿಲ್ಲುತ್ತದೆ.

ನಟಿಸಿದವರಿಗೆ ಪೋಸ್ಟರಿನಲ್ಲಿ ಮುಖ ಇಲ್ಲವೆಂದರೆ ಬೇಸರವಾಗುತ್ತದೆ. ಅದು ನ್ಯಾಯವೂ ಹೌದು. ಅವರ ಮುಖಗಳಿಗೆ ಪತ್ರಿಕೆಯ ಎರಡು ಪುಟಗಳಲ್ಲಿ ಒಳ್ಳೆಯ ಜಾಗ ಕೊಡಿ, ಕೊಡುವುದಾಗಿ ಮೊದಲೇ ಹೇಳಿ.

ಹೆಜ್ಜೆ 4: ಹೆಸರಿನ ಅಕ್ಷರ

ಇಲ್ಲಿ ನಿಧಾನಿಸಿ. ಫ್ಲೆಕ್ಸ್ ಬರುವ ಮೊದಲು ನಮ್ಮ ಚಿತ್ರಮಂದಿರಗಳ ಮುಂದಿನ ಬ್ಯಾನರುಗಳನ್ನು ಕಲಾವಿದರು ಕೈಯಿಂದಲೇ ಬರೆಯುತ್ತಿದ್ದರು. ಪ್ರತಿ ಚಿತ್ರದ ಹೆಸರಿಗೂ ಅದರದೇ ಅಕ್ಷರರೂಪ ಇರುತ್ತಿತ್ತು. ಸತ್ಯಜಿತ್ ರಾಯ್ ನಿರ್ದೇಶಕರಾಗುವ ಮೊದಲು ಕೋಲ್ಕತ್ತದ ಜಾಹೀರಾತು ಸಂಸ್ಥೆಯೊಂದರಲ್ಲಿ ಚಿತ್ರಕಾರರಾಗಿದ್ದರು, ತಮ್ಮ ಅನೇಕ ಚಿತ್ರಗಳ ಪೋಸ್ಟರುಗಳನ್ನೂ ಹೆಸರಿನ ಬಂಗಾಳಿ ಅಕ್ಷರಗಳನ್ನೂ ತಾವೇ ರಚಿಸಿದರು. ಹಣವಿಲ್ಲದ ತಂಡಕ್ಕೆ ಕೈಬರಹದಷ್ಟು ಸ್ವಂತದ್ದು ಬೇರೆ ಯಾವುದೂ ಇಲ್ಲ.

‘ಹಿಟ್ಟು’ ಎಂದು ದೊಡ್ಡದಾಗಿ ಬರೆದು ನೋಡಿ. ಎರಡೇ ಅಕ್ಷರ. ‘ಹಿ’ಯ ತಲೆಯ ಮೇಲೆ ಗುಡಿಸು ಸುತ್ತಿಕೊಂಡಿದೆ. ‘ಟ್ಟು’ವಿನ ಕೊಂಬು ಬಲಕ್ಕೆ ಏಳುತ್ತದೆ, ಒತ್ತು ಕೆಳಗೆ ಜೋತಿದೆ. ಹೆಸರಿನ ಭಾರವೆಲ್ಲ ಬಲಗಡೆಯ ತಳದಲ್ಲಿ. ಡಬ್ಬಿಯೂ ಬಲಗಡೆಯ ತಳದಲ್ಲೇ ಇದೆಯಲ್ಲ! ಹೆಸರನ್ನು ಮೇಲೆ ಎಡಕ್ಕೆ ಇಟ್ಟರೆ ಒತ್ತು ಕೆಳಗಿನ ಡಬ್ಬಿಯ ಕಡೆಗೆ ಬೆರಳು ತೋರಿಸಿದಂತೆ ಇಳಿಯುತ್ತದೆ. ಟೆಂಪ್ಲೇಟಿನಲ್ಲಿ ಇದು ಸಿಗುವುದಿಲ್ಲ.

ಈಗ ಅದನ್ನು ಹಿಟ್ಟಿನಲ್ಲೇ ಬರೆಯೋಣ. ಕಪ್ಪು ಚಾರ್ಟ್ ಹಾಳೆಯನ್ನು ಮೇಜಿನ ಮೇಲೆ ಹಾಸಿ, ಅಂಚುಗಳಿಗೆ ಟೇಪ್ ಅಂಟಿಸಿ. ಜರಡಿಯಿಂದ ಅಕ್ಕಿಹಿಟ್ಟನ್ನು ತೆಳ್ಳಗೆ ಉದುರಿಸಿ. ಚಿತ್ರದ ಗಿರಣಿಯಲ್ಲಿ ಬೀಸುವುದು ಜೋಳವಾದರೂ ಜೋಳದ ಹಿಟ್ಟು ಕ್ಯಾಮೆರಾದಲ್ಲಿ ಕೊಂಚ ಕಂದಾಗಿ ಬರುತ್ತದೆ, ಅಕ್ಕಿಹಿಟ್ಟು ಬೆಳ್ಳಗೆ ಬರುತ್ತದೆ. ತೋರುಬೆರಳಿನಿಂದ ಒಂದೇ ಓಟದಲ್ಲಿ ಬರೆಯಿರಿ. ಬೆರಳು ಹೋದಲ್ಲಿ ಕಪ್ಪು ಕಾಣುತ್ತದೆ, ಅಂಚಿನಲ್ಲಿ ಹಿಟ್ಟು ಸಣ್ಣ ದಿಬ್ಬವಾಗುತ್ತದೆ. ಇಪ್ಪತ್ತು ಸಲ ಬರೆಯಿರಿ, ಪ್ರತಿ ಸಲವೂ ನೇರ ಮೇಲಿನಿಂದ ಫೋಟೊ ತೆಗೆಯಿರಿ. ಬೆಳಕು ಒಂದು ಬದಿಯ ಕಿಟಕಿಯಿಂದ ಬರಲಿ, ದಿಬ್ಬದ ನೆರಳು ಬೀಳುತ್ತದೆ. ಆಮೇಲೆ ಫೋಟೊಶಾಪಿನಲ್ಲೋ ಉಚಿತವಾಗಿ ಸಿಗುವ ಗಿಂಪ್‌ನಲ್ಲೋ ಬಣ್ಣ ತೆಗೆದು, ಕಪ್ಪು ಬಿಳುಪನ್ನು ತಿರುವುಮುರುವು ಮಾಡಿ. ಬೆರಳಿನ ಗೆರೆ ಬಿಳಿಯಾಗಿ ಕತ್ತಲೆಯ ಮೇಲೆ ನಿಲ್ಲುತ್ತದೆ.

ಬರೆದದ್ದನ್ನು ಆರು ವರ್ಷದ ಮಗುವಿಗೂ ಕನ್ನಡಕ ತೆಗೆದ ಅಜ್ಜಿಗೂ ತೋರಿಸಿ. ಇಬ್ಬರೂ ‘ಹಿಟ್ಟು’ ಎಂದೇ ಓದಬೇಕು. ‘ಹುಟ್ಟು’ ಎಂದು ಓದಿದರೆ ಗುಡಿಸನ್ನು ಇನ್ನಷ್ಟು ಬಿಡಿಸಿ ಬರೆಯಿರಿ.

ಹೆಜ್ಜೆ 5: ಉಳಿದ ಬರಹಕ್ಕೆ ಫಾಂಟ್ ಮತ್ತು ತಂತ್ರಾಂಶ

ಹೆಸರು ಕೈಬರಹವಾದರೆ ಉಳಿದದ್ದು ಸದ್ದಿಲ್ಲದ ಫಾಂಟಿನಲ್ಲಿರಲಿ. ನೋಟೋ ಸಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ, ಅನೇಕ್ ಕನ್ನಡ ಮೂರೂ ಮುಕ್ತ ಪರವಾನಗಿಯವು. ಅನೇಕ್‌ನಲ್ಲಿ ಅಗಲ ಕಿರಿದಾದ ರೂಪಗಳೂ ಇವೆ, ಉದ್ದನೆಯ ಹೆಸರುಗಳಿಗೆ ಅನುಕೂಲ. ದುಂಡುದುಂಡಾದ ‘ಬಾಲೂ ತಮ್ಮ’ ಎಂಬ ಫಾಂಟ್ ಮಕ್ಕಳ ಚಿತ್ರಕ್ಕೆ ಚೆನ್ನ, ನಮ್ಮ ಗಿರಣಿಗೆ ಒಗ್ಗುವುದಿಲ್ಲ.

ಇವೆಲ್ಲ ಯೂನಿಕೋಡ್ ಫಾಂಟುಗಳು, ಮೊಬೈಲಿನಲ್ಲೂ ಅಂತರ್ಜಾಲದಲ್ಲೂ ನಡೆಯುವ ಸಾರ್ವತ್ರಿಕ ಸಂಕೇತದವು. ನಮ್ಮ ಬಹಳಷ್ಟು ಮುದ್ರಣಾಲಯಗಳಲ್ಲಿ ಇನ್ನೂ ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಆಸ್ಕಿ ಸಂಕೇತದ ಫಾಂಟುಗಳೇ ನಡೆಯುತ್ತಿವೆ. ಒಂದರಲ್ಲಿ ಟೈಪ್ ಮಾಡಿದ್ದನ್ನು ಇನ್ನೊಂದಕ್ಕೆ ಹಾಗೆಯೇ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಬರುತ್ತದೆ. ಲೇಖನ ಕೊಡುವ ಮೊದಲೇ ಕೇಳಿ, ಬೇಕಿದ್ದರೆ ಪರಿವರ್ತಕದಲ್ಲಿ ಹಾಯಿಸಿ, ಹಾಯಿಸಿದ್ದನ್ನು ಅಕ್ಷರ ಅಕ್ಷರವಾಗಿ ಓದಿ.

ತಂತ್ರಾಂಶದಲ್ಲೂ ಒಂದು ಸೆಟ್ಟಿಂಗ್ ಇದೆ. ಫೋಟೊಶಾಪಿನ ಹಳೆಯ ಆವೃತ್ತಿಗಳಲ್ಲಿ ವರ್ಲ್ಡ್-ರೆಡಿ ಲೇಔಟ್, ಇನ್‌ಡಿಸೈನಿನಲ್ಲಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್ ಆರಿಸದಿದ್ದರೆ ಒತ್ತಕ್ಷರ ಒಡೆದು ‘ಹಿಟ್ಟು’ ಹೋಗಿ ‘ಹಿಟ್‌ಟು’ ಆಗುತ್ತದೆ. ಇಂಕ್‌ಸ್ಕೇಪ್ ಮತ್ತು ಸ್ಕ್ರೈಬಸ್‌ನ ಈಚಿನ ಆವೃತ್ತಿಗಳು ಕನ್ನಡವನ್ನು ಸರಿಯಾಗಿ ಜೋಡಿಸುತ್ತವೆ, ಹಣವನ್ನೂ ಕೇಳುವುದಿಲ್ಲ.

ಇನ್ನೊಂದು ತಪ್ಪನ್ನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ: ಇಂಗ್ಲಿಷ್ ಪೋಸ್ಟರುಗಳಂತೆ ಅಕ್ಷರಗಳ ನಡುವೆ ಜಾಗ ಹಿಗ್ಗಿಸುವುದು. ಕನ್ನಡದಲ್ಲಿ ದೀರ್ಘದ ಗುರುತು ಅಕ್ಷರದಿಂದ ಕಳಚಿ ಅನಾಥವಾಗುತ್ತದೆ, ಪದ ಚೂರುಚೂರಾಗಿ ಕಾಣುತ್ತದೆ. ಹಿಗ್ಗಿಸಬೇಡಿ. ಒತ್ತಿ ಹೇಳಬೇಕಾದರೆ ಗಾತ್ರ ಹೆಚ್ಚಿಸಿ, ಇಲ್ಲವೇ ದಪ್ಪ ಅಕ್ಷರ ಬಳಸಿ.

ಹೆಜ್ಜೆ 6: ಬಣ್ಣ

ಮೂರು ಸಾಕು. ಗಿರಣಿಯೊಳಗಿನ ಕತ್ತಲೆ, ಹಿಟ್ಟಿನ ಬಿಳಿ, ಇವೆರಡರ ನಡುವೆ ಒಂದೇ ಕಡೆ ಬ್ಯಾಡಗಿ ಮೆಣಸಿನಕಾಯಿಯ ಕೆಂಪು. ಆ ಕೆಂಪು ಡಬ್ಬಿಯ ಮೇಲೆ ಪೇಂಟಿನಲ್ಲಿ ಬರೆದ ಹೆಸರಿಗೆ ಮಾತ್ರ. ಪೋಸ್ಟರಿನಲ್ಲಿ ಇನ್ನೆಲ್ಲೂ ಅದು ಕಾಣಬಾರದು, ಪ್ರದರ್ಶನದ ದಿನಾಂಕಕ್ಕೂ ಬೇಡ.

ಪರದೆಯ ಬಣ್ಣ ಆರ್‌ಜಿಬಿ, ಅಚ್ಚಿನ ಬಣ್ಣ ಸಿಎಂವೈಕೆ: ಮೊದಲನೆಯದು ಕೆಂಪು, ಹಸಿರು, ನೀಲಿ ಬೆಳಕಿನ ಬೆರಕೆ, ಎರಡನೆಯದು ಸಯಾನ್, ಮೆಜೆಂಟಾ, ಹಳದಿ, ಕಪ್ಪು ಶಾಯಿಗಳದು. ಬೆಳಗುವ ಪರದೆಯಲ್ಲಿ ಕಾಣುವ ಕತ್ತಲೆಯ ಸೂಕ್ಷ್ಮಗಳು ಕಾಗದದಲ್ಲಿ ಮುಳುಗಿಹೋಗುತ್ತವೆ. ಹಾಗಾಗಿ ನೆರಳಿನ ಭಾಗಗಳನ್ನು ಕಣ್ಣಿಗೆ ಸ್ವಲ್ಪ ಹೆಚ್ಚೇ ಎನಿಸುವಷ್ಟು ತಿಳಿಗೊಳಿಸಿ. ದೊಡ್ಡ ಕಪ್ಪು ಹರವಿಗೆ ಬರೀ ಕಪ್ಪು ಶಾಯಿ ಕೊಟ್ಟರೆ ಬೂದಿಯಂತೆ ಬರುತ್ತದೆ. ಸಯಾನ್ 60, ಮೆಜೆಂಟಾ 40, ಹಳದಿ 40, ಕಪ್ಪು 100 ಕೊಟ್ಟರೆ ಗಾಢವಾಗುತ್ತದೆ. ಸಣ್ಣ ಅಕ್ಷರಕ್ಕೆ ಮಾತ್ರ ಕಪ್ಪು 100 ಒಂದೇ ಸಾಕು, ನಾಲ್ಕು ಬಣ್ಣ ಸೇರಿಸಿದರೆ ಅಚ್ಚಿನಲ್ಲಿ ಕೂದಲೆಳೆಯಷ್ಟು ಸರಿದರೂ ಅಕ್ಷರ ಜೋಡಿಯಾಗಿ ಕಾಣುತ್ತದೆ.

ಹೆಜ್ಜೆ 7: ತಂಡದ ಹೆಸರುಗಳು

ಇಂಗ್ಲಿಷ್ ಪೋಸ್ಟರಿನ ತಳದಲ್ಲಿ ತೆಳ್ಳಗೆ ಎತ್ತರಕ್ಕೆ ಒತ್ತಿಬರೆದ ಹೆಸರುಗಳ ಗುಂಪು ಇರುತ್ತದೆ. ಕನ್ನಡವನ್ನು ಹಾಗೆ ಒತ್ತಿದರೆ ಓದಲಾಗುವುದಿಲ್ಲ. ಎರಡು ಅಂಕಣದ ಪಟ್ಟಿ ಮಾಡಿ: ಎಡಕ್ಕೆ ಕೆಲಸ, ಬಲಕ್ಕೆ ಹೆಸರು. ಕಥೆ, ಚಿತ್ರಕಥೆ, ಛಾಯಾಗ್ರಹಣ, ಸಂಕಲನ, ಶಬ್ದ, ಸಂಗೀತ, ಕಲೆ, ನಿರ್ದೇಶನ. ಎ3 ಪೋಸ್ಟರಿನಲ್ಲಿ 12 ಪಾಯಿಂಟಿಗಿಂತ ಕೆಳಗೆ ಇಳಿಯಬೇಡಿ. ಗಿರಣಿಯನ್ನು ಚಿತ್ರೀಕರಣಕ್ಕೆ ಬಿಟ್ಟುಕೊಟ್ಟವರ ಹೆಸರನ್ನು ಕೃತಜ್ಞತೆಯ ಸಾಲಿನಲ್ಲಿ ಹಾಕಲೇಬೇಕು.

ಸೆನ್ಸಾರ್ ಪ್ರಮಾಣಪತ್ರ ಇಲ್ಲದ ಚಿತ್ರಕ್ಕೆ ‘ಯು’ ಗುರುತು ಹಾಕಬೇಡಿ. ನಿಮ್ಮ ಚಿತ್ರ ಆಯ್ಕೆಯಾಗದ ಚಿತ್ರೋತ್ಸವದ ಎಲೆಮಾಲೆಯ ಗುರುತೂ ಬೇಡ.

ಎಲ್ಲ ಕೂಡಿದ ಮೇಲೆ ಪೋಸ್ಟರನ್ನು ವಿಸಿಟಿಂಗ್ ಕಾರ್ಡಿನಷ್ಟಕ್ಕೆ ಕುಗ್ಗಿಸಿ ಅಚ್ಚು ಹಾಕಿ. ಹೆಸರೂ ಡಬ್ಬಿಯೂ ಆಗಲೂ ತಿಳಿಯಬೇಕು. ಮೊಬೈಲಿಗೆಂದು ಬೇರೆ ಪ್ರತಿ ಮಾಡುವಾಗ, 1080×1350 ಪಿಕ್ಸೆಲಿನಲ್ಲಿ, ತಂಡದ ಪಟ್ಟಿಯನ್ನು ತೆಗೆದು ಹೆಸರು, ದಿನಾಂಕ, ಸ್ಥಳ ಮೂರನ್ನೇ ಉಳಿಸಿ.

ಹೆಜ್ಜೆ 8: ಪತ್ರಿಕೆಯ ಎರಡು ಪುಟ

ಸಂಪಾದಕರಿಗೆ ಕೇಳಬೇಕಾದ ಮೊದಲ ಪ್ರಶ್ನೆ: ಎಷ್ಟನೆಯ ಪುಟ? ಎಡಪುಟಕ್ಕೆ ಸಮಸಂಖ್ಯೆ, ಬಲಪುಟಕ್ಕೆ ಬೆಸಸಂಖ್ಯೆ. ‘23 ಮತ್ತು 24’ ಎಂದು ಕೊಟ್ಟರೆ ಅದು ಎದುರುಬದುರು ಪುಟವಲ್ಲ, ಒಂದೇ ಹಾಳೆಯ ಎರಡು ಮುಖ. ಆಗಲೇ ಬದಲಿಸಿಕೊಳ್ಳಿ.

ಎರಡನೆಯ ಪ್ರಶ್ನೆ: ಪಿನ್ನೋ, ಗಮ್ ಬೈಂಡಿಂಗೋ? ಕೆಲವು ವರ್ಷಗಳ ಹಿಂದೆ ನಾನೇ ಜೋಡಿಸಿದ ಎರಡು ಪುಟದಲ್ಲಿ ಮುಖ್ಯ ಪಾತ್ರದ ಅಜ್ಜಿಯ ಮುಖವನ್ನು ಎರಡೂ ಪುಟಕ್ಕೆ ಹರಡಿದ್ದೆ. ಪರದೆಯ ಮೇಲೆ ಸೊಗಸಾಗಿತ್ತು. ಸಂಚಿಕೆ ಗಮ್ ಬೈಂಡಿಂಗಿನದು. ಪುಟ ತೆರೆದರೆ ಅಜ್ಜಿಯ ಮೂಗು ಅಂಟಿನೊಳಗೆ ಹೋಗಿ, ಎರಡು ಕಣ್ಣು ಎರಡು ಕಡೆ ಉಳಿದಿದ್ದವು. ಆ ಹಿರಿಯ ಹೆಣ್ಣುಮಗಳು ಸಂಚಿಕೆಯನ್ನು ಮನೆಮಂದಿಗೆಲ್ಲ ತೋರಿಸಲೆಂದು ಒಯ್ದಿದ್ದರು. ಅಂದಿನಿಂದ ಗಮ್ ಬೈಂಡಿಂಗ್ ಎಂದರೆ ಪ್ರತಿ ಪುಟದ ಒಳಬದಿಯಲ್ಲಿ 10 ಮಿ.ಮೀ. ನುಂಗಿಹೋಗುತ್ತದೆ ಎಂದೇ ಲೆಕ್ಕ ಹಿಡಿಯುತ್ತೇನೆ, ಮುಖವನ್ನೂ ಅಕ್ಷರವನ್ನೂ ಮಡಿಕೆಯ ಹತ್ತಿರ ಬಿಡುವುದಿಲ್ಲ. ಪಿನ್ ಹೊಡೆದ ಸಂಚಿಕೆಯಲ್ಲೂ ಎರಡು ಪುಟ ಒಂದೇ ಹಾಳೆಯಾಗಿ ಸಿಗುವುದು ನಟ್ಟನಡುವಿನ ಜೋಡಿಯಲ್ಲಿ ಮಾತ್ರ.

ಎ4 ಸಂಚಿಕೆಯಾದರೆ ಎರಡು ಪುಟ ಸೇರಿ 420×297 ಮಿ.ಮೀ. ಇಂಗ್ಲಿಷ್ ಪತ್ರಿಕೆ ನೋಡಿ ಪುಟಕ್ಕೆ ಮೂರು ಅಂಕಣ ಮಾಡುವವರೇ ಹೆಚ್ಚು. ಕನ್ನಡದ ಪದಗಳು ಉದ್ದ. ‘ಚಿತ್ರೀಕರಿಸಬೇಕಾಗಿರುವುದರಿಂದ’ ಎಂಬ ಒಂದೇ ಪದ ಸಾಲನ್ನೆಲ್ಲ ತಿಂದುಬಿಡುತ್ತದೆ. 55 ಮಿ.ಮೀ. ಅಂಕಣದಲ್ಲಿ ಸಾಲಿಗೆ ಮೂರು ಪದ ಹಿಡಿದರೆ ಹೆಚ್ಚು. ಎರಡೂ ಅಂಚು ಸಮ ಮಾಡಿದಿರೋ, ಪದಗಳ ನಡುವೆ ಬಿಳಿ ಬಿರುಕುಗಳು ಬಾಯಿಬಿಡುತ್ತವೆ. ಎರಡು ಅಂಕಣ ಮಾಡಿ, ಎಡ ಅಂಚು ಮಾತ್ರ ಸಮವಿರಲಿ. 11 ಪಾಯಿಂಟ್ ಅಕ್ಷರಕ್ಕೆ 16ರಿಂದ 17 ಪಾಯಿಂಟ್ ಸಾಲಿನ ಅಂತರ ಕೊಡಿ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗಬಾರದು.

ಬರಹ 600ರಿಂದ 700 ಪದ ಮೀರದಿರಲಿ. ‘ಈ ಚಿತ್ರ ಮಾಡಲು ಸ್ಫೂರ್ತಿ ಏನು?’ ಎಂಬ ಪ್ರಶ್ನೋತ್ತರ ಬೇಡ. ಒಂದು ಕ್ಷಣದಿಂದ ಶುರು ಮಾಡಿ: ಯಂತ್ರ ನಿಲ್ಲಿಸಿದಾಗ ಗಿರಣಿಯವರು ಮಾಡಿದ್ದೇನು, ಕ್ಯಾಮೆರಾ ಹಿಡಿದವರಿಗೆ ಕೆಮ್ಮು ಬಂದಾಗ ಏನಾಯಿತು, ದೂಳಿನಿಂದ ಲೆನ್ಸನ್ನು ಹೇಗೆ ಕಾಪಾಡಿದರು. ಇವು ಆ ತಂಡದವರು ಮಾತ್ರ ಹೇಳಬಲ್ಲ ಸಂಗತಿಗಳು.

ಜೋಡಣೆ ಹೀಗಿರಲಿ. ಎಡಪುಟ ಪೂರ್ತಿ ಒಂದೇ ಚಿತ್ರ, ಅಂಚಿನವರೆಗೆ: ಹುಬ್ಬಿನ ಮೇಲೆ ಹಿಟ್ಟು ಕೂತ ಗಿರಣಿಯವರ ಮುಖ, ನೋಟ ಬಲಪುಟದ ಕಡೆಗೆ. ಮುಖ ಎತ್ತ ನೋಡುತ್ತದೋ ಓದುಗರ ಕಣ್ಣೂ ಅತ್ತ ಹೋಗುತ್ತದೆ. ಬಲಪುಟದ ಮೇಲೆ ತಲೆಬರಹ. ಚಿತ್ರದ ಹೆಸರನ್ನೇ ಮತ್ತೆ ಹಾಕದೆ ‘ಉಳಿದ ಡಬ್ಬಿ’ ಎಂಬಂತೆ ಬೇರೆ ಮಾತು. ಅದರ ಕೆಳಗೆ ಎರಡು ಸಾಲಿನ ಪೀಠಿಕೆ, ಆಮೇಲೆ ಎರಡು ಅಂಕಣದ ಬರಹ, ತಳದಲ್ಲಿ ನಟರ ಮೂರು ಸಣ್ಣ ಚಿತ್ರಗಳ ಸಾಲು. ಪ್ರತಿ ಚಿತ್ರಕ್ಕೂ ಅಡಿಬರಹ ಬರೆಯಿರಿ, ಓದುಗರು ಲೇಖನಕ್ಕಿಂತ ಮೊದಲು ಓದುವುದು ಅದನ್ನೇ. ‘ಚಿತ್ರದ ಒಂದು ದೃಶ್ಯ’ ಎಂದು ಬರೆದರೆ ಆ ಜಾಗ ವ್ಯರ್ಥ. ಬೆರಳಿನಲ್ಲಿ ಬರೆದ ‘ಹಿಟ್ಟು’ ಈ ಪುಟದಲ್ಲಿ ಒಮ್ಮೆ ಮಾತ್ರ, ಅಂಗೈ ಅಗಲದಲ್ಲಿ ಬರಲಿ. ಪೋಸ್ಟರ್ ಕಂಡವರು ಗುರುತು ಹಿಡಿಯುತ್ತಾರೆ.

ಹೆಜ್ಜೆ 9: ಅಚ್ಚಿಗೆ ಕಳಿಸುವಾಗ

ಸುತ್ತಲೂ 3 ಮಿ.ಮೀ. ಬ್ಲೀಡ್ ಬಿಡಿ, ಅಂದರೆ ಕತ್ತರಿಸಿದಾಗ ಬಿಳಿ ಅಂಚು ಉಳಿಯದಂತೆ ಚಿತ್ರವನ್ನು ಅಷ್ಟು ಹೊರಕ್ಕೆ ಚಾಚಿ. ಎ3 ಪೋಸ್ಟರ್ ಫೈಲು ಆಗ 303×426 ಮಿ.ಮೀ. ಆಗುತ್ತದೆ. ಡಿಜಿಟಲ್ ಯಂತ್ರದ 12×18 ಇಂಚಿನ ಹಾಳೆಯಲ್ಲಿ ಅದು ಅಂಚಿಗೆ ಅಂಚು ತಾಗುವಷ್ಟು ಬಿಗಿ, 13×19 ಇದ್ದರೆ ನಿರಾಳ. ಇಪ್ಪತ್ತು ಮೂವತ್ತು ಪ್ರತಿಗೆ ಡಿಜಿಟಲ್ಲೇ ಸರಿ. ನೂರಾರು ಪ್ರತಿ ಬೇಕೆಂದಾಗ ಮಾತ್ರ ಆಫ್‌ಸೆಟ್ ಪ್ಲೇಟಿನ ಖರ್ಚು ಗಿಟ್ಟುತ್ತದೆ. ಕಾಗದ 170 ಜಿಎಸ್‌ಎಂ (ಚದರ ಮೀಟರಿಗೆ 170 ಗ್ರಾಂ ತೂಗುವ) ಮ್ಯಾಟ್ ಆರ್ಟ್, ಅಂದರೆ ಹೊಳಪಿಲ್ಲದ ನುಣುಪು ಕಾಗದ, ಇರಲಿ. ಹೊಳೆಯುವ ಕಾಗದದಲ್ಲಿ ನಮ್ಮ ಕತ್ತಲೆಯ ಮೇಲೆ ಟ್ಯೂಬ್‌ಲೈಟ್ ಪ್ರತಿಫಲಿಸಿ ಡಬ್ಬಿಯೇ ಕಾಣುವುದಿಲ್ಲ.

ಫೈಲು ಕಳಿಸುವ ಮುನ್ನ ಒಂದು ಪ್ರತಿಯಲ್ಲಿ ಅಕ್ಷರಗಳನ್ನೆಲ್ಲ ಕರ್ವ್ ಮಾಡಿ (ಫಾಂಟಿನ ಹಂಗಿಲ್ಲದ ಗೆರೆಯ ಚಿತ್ರವಾಗಿಸಿ) ಪಿಡಿಎಫ್ ತೆಗೆಯಿರಿ, ತಿದ್ದಬಹುದಾದ ಪ್ರತಿಯನ್ನು ಬೇರೆ ಇಟ್ಟುಕೊಳ್ಳಿ. ಕರ್ವ್ ಮಾಡದೆ ಕಳಿಸಿದ ಒಂದು ಪೋಸ್ಟರಿನಲ್ಲಿ ಫಾಂಟ್ ಬದಲಾಗಿ ಐವತ್ತು ಪ್ರತಿಯಲ್ಲೂ ಒತ್ತಕ್ಷರಗಳು ಒಡೆದು ಬಂದದ್ದನ್ನು ಕಣ್ಣಾರೆ ಕಂಡಿದ್ದೇನೆ. ಆ ವಿದ್ಯಾರ್ಥಿಗಳು ಅದನ್ನೇ ಅಂಟಿಸಬೇಕಾಯಿತು, ಬೇರೆ ಹಣ ಇರಲಿಲ್ಲ.

ಒಂದು ಪ್ರತಿ ಅಚ್ಚು ಹಾಕಿಸಿ, ಚಿತ್ರಕ್ಕೆ ಸಂಬಂಧವೇ ಇಲ್ಲದವರ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿ. ಹೆಸರುಗಳನ್ನು ಅವರವರಿಂದಲೇ ನೋಡಿಸಿ. ಸ/ಶ, ನ/ಣ, ಲ/ಳಗಳಲ್ಲಿ ತಪ್ಪಿದರೆ ಅವರ ಮನಸ್ಸು ನೋಯುತ್ತದೆ. ದಿನಾಂಕ ಮತ್ತು ವಾರವನ್ನು ಕ್ಯಾಲೆಂಡರಿಗೆ ಹಿಡಿದು ತಾಳೆ ನೋಡಿ.

ಫ್ಲೆಕ್ಸ್ ಬ್ಯಾನರಿನ ಆಸೆ ಬಿಡಿ. 100 ಮೈಕ್ರಾನಿಗಿಂತ ತೆಳುವಾದ ಪಿವಿಸಿ ಬ್ಯಾನರುಗಳಿಗೆ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಿದೆ. ರಸ್ತೆಬದಿಯ ಗೋಡೆಗೆ ಅನುಮತಿಯಿಲ್ಲದೆ ಪೋಸ್ಟರ್ ಅಂಟಿಸುವುದನ್ನು ಸಾರ್ವಜನಿಕ ಸ್ಥಳಗಳ ವಿರೂಪ ತಡೆಯುವ ನಮ್ಮ ರಾಜ್ಯದ 1981ರ ಕಾಯ್ದೆ ಒಪ್ಪುವುದಿಲ್ಲ. ಕಾಲೇಜಿನ ಸೂಚನಾ ಫಲಕ, ಗ್ರಂಥಾಲಯದ ಬಾಗಿಲು, ಕ್ಯಾಂಟೀನು, ಪರಿಚಯದ ಪುಸ್ತಕದಂಗಡಿ ಕೇಳಿದರೆ ಜಾಗ ಕೊಡುತ್ತವೆ. ಅಚ್ಚು ಹಾಕಿಸಿದ ಮೂವತ್ತು ಪ್ರತಿಗಳಲ್ಲಿ ಎರಡನ್ನು ತೆಗೆದಿಡಿ: ಒಂದು ವಿಭಾಗದ ಕಡತಕ್ಕೆ, ಇನ್ನೊಂದು ಚಿತ್ರೀಕರಣಕ್ಕೆ ಜಾಗ ಕೊಟ್ಟ ಗಿರಣಿಯ ಗೋಡೆಗೆ. ಗಿರಣಿಯದನ್ನು ಮಾತ್ರ ಲ್ಯಾಮಿನೇಷನ್ ಮಾಡಿಸಿ ಕೊಡಿ. ಅಲ್ಲಿ ದಿನವೂ ಹಿಟ್ಟು ಕೂರುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸುವಂತಿರಬೇಕು.